ವ್ಯಾಯಾಮದ ಮೇಷ್ಟ್ರು ಕೆ.ವಿ. ಅಯ್ಯರ್

ಈ ಶಾಲೆಯಲ್ಲಿ ಬಹುಕಾಲ ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದೆ. ಅದಕ್ಕಾಗಿಯೇ ಸಂಪಾದಕ ಸಮಿತಿಯವರು ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಕ್ರೀಡಾ ಸಾಧನೆಗಳ ಬಗ್ಗೆ ಬರೆದುಕೊಡಿ ಎಂದು ಕೇಳಿದರು. ಆ ಸಾಧನೆಗಳೆಲ್ಲ ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನಲ್ಲಿ ಶೀಲ್ಡುಗಳಾಗಿ ಕುಳಿತಿವೆ, ಬೇಕಾದವರು ಹೋಗಿ ನೋಡಬಹುದು. ನಾನು ಬರೆಯಬೇಕೆಂದುಕೊಂಡಿರುವುದು ನಮ್ಮ ಶಾಲೆಗೆ ಎಂದೂ ಕಾಲಿಡದ ಒಬ್ಬರ ಬಗ್ಗೆ. ಅವರು ಬರಲಿಲ್ಲ, ಆದರೆ ಅವರ ಪುಸ್ತಕ ಬಂದಿತ್ತು. ನಮ್ಮ ಗ್ರಂಥಾಲಯದಲ್ಲಿದ್ದ 'ಶಾಂತಲಾ' ಕಾದಂಬರಿಯನ್ನು ಓದದ ಹಳೆಯ ವಿದ್ಯಾರ್ಥಿಗಳು ಕಡಿಮೆ. ಬೇಲೂರಿಗೆ ಪ್ರವಾಸ ಹೋಗುವ ಮುಂಚೆ ಕನ್ನಡ ಮೇಷ್ಟ್ರು ಅದರ ಕೆಲವು ಪುಟಗಳನ್ನು ತರಗತಿಯಲ್ಲಿ ಓದಿಸುತ್ತಿದ್ದರು. ಅದನ್ನು ಬರೆದ ಕೆ.ವಿ. ಅಯ್ಯರ್ ನನ್ನಂತೆಯೇ ವ್ಯಾಯಾಮ ಕಲಿಸುವ ಮೇಷ್ಟ್ರು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದರೆ ನಂಬಿದವರು ಒಬ್ಬಿಬ್ಬರೇ. ಹಾಡುವವರು ಬರೆಯಬಹುದು, ವಕೀಲರು ಬರೆಯಬಹುದು, ಆದರೆ ಡಂಬೆಲ್ಸ್ ಎತ್ತುವವರು ಕಾದಂಬರಿ ಬರೆಯುವುದೆಂದರೆ ನಮ್ಮವರಿಗೆ ಏನೋ ಅನುಮಾನ.

ಕೋಲಾರದ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತರು, ಉಳಿದವರು ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ಮಲ್ಲೇಶ್ವರ, ಬಸವನಗುಡಿಯಂಥ ಅಗಲ ಬೀದಿಯ ಬಡಾವಣೆಗಳು ಬೆಳೆದದ್ದು ಆ ಭಯದ ನಂತರ. ಅಯ್ಯರ್ ಅವರಿಗೆ ಇಪ್ಪತ್ತೊಂದು ತುಂಬುವ ಹೊತ್ತಿಗೆ 1918ರ ಇನ್‌ಫ್ಲುಯೆಂಜಾ ಬಂತು. ಗಟ್ಟಿಮುಟ್ಟಾದ ಪ್ರಾಯದವರೇ ಅದರಲ್ಲಿ ಹೆಚ್ಚಾಗಿ ಹೋದರು. ಆ ತಲೆಮಾರಿನವರಿಗೆ ಆರೋಗ್ಯ ಎಂಬುದು ಪಾಠದ ಪುಸ್ತಕದ ಮಾತಾಗಿರಲಿಲ್ಲ, ಮನೆಯಿಂದ ಮನೆಗೆ ದಾಟುವ ಸಾವನ್ನು ಅವರು ಕಣ್ಣಾರೆ ಕಂಡಿದ್ದರು.

ಹಾಗೆಂದು ಮೈ ಬೆಳೆಸುವುದು ಗೌರವದ ಕೆಲಸವೆಂದು ಎಲ್ಲರೂ ಒಪ್ಪಿದ್ದರೆ? ಇಲ್ಲ. ನಮ್ಮ ಸೀಮೆಯಲ್ಲಿ ಗರಡಿ ಮನೆಗಳಿಗೇನೂ ಕೊರತೆ ಇರಲಿಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಅಖಾಡ, ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಗದೆ ಮತ್ತು ಗುಂಡುಕಲ್ಲು. ಮೈಸೂರಿನಲ್ಲಿ ದಸರೆಗೆ ಜೆಟ್ಟಿಗಳ ವಜ್ರಮುಷ್ಟಿ ಕಾಳಗ, ಬೆಳಗಾವಿ ಧಾರವಾಡದ ಕಡೆ ಸಂಗ್ರಾಣಿ ಕಲ್ಲು ಎತ್ತುವ ಪಂತ. ಇಷ್ಟೆಲ್ಲ ಇದ್ದರೂ ಓದಿದ ಮನೆಯವರು ತಮ್ಮ ಮಕ್ಕಳನ್ನು ಗರಡಿಗೆ ಕಳಿಸುತ್ತಿರಲಿಲ್ಲ. ಗರಡಿ ಪೈಲ್ವಾನರಿಗೆ, ಪೈಲ್ವಾನಿಕೆ ಜಗಳಕ್ಕೆ, ತಮ್ಮ ಹುಡುಗರಿಗೆ ಇಂಗ್ಲಿಷು, ಲೆಕ್ಕ ಮತ್ತು ಸರ್ಕಾರಿ ನೌಕರಿ. ಕುರ್ಚಿಯಲ್ಲಿ ಕೂತು ಕೂತು ಮೂವತ್ತೈದಕ್ಕೆ ಹೊಟ್ಟೆ, ನಲವತ್ತಕ್ಕೆ ಅಜೀರ್ಣ, ಐವತ್ತಕ್ಕೆ ಊರುಗೋಲು. ಗುಮಾಸ್ತರ ಮನೆಗಳಲ್ಲಿ ಇದು ವಿಧಿಯೆಂದೇ ಒಪ್ಪಿಗೆಯಾಗಿತ್ತು. ಅಯ್ಯರ್ ಅವರು ಹುಟ್ಟಿದ್ದು ಇಂಥ ಸಮಾಜದಲ್ಲಿ, ಜೀವಮಾನವಿಡೀ ಅವರು ಎದುರು ಹಾಕಿಕೊಂಡದ್ದೂ ಇದನ್ನೇ.

ಆ ಕಾಲಕ್ಕೆ ಜಗತ್ತಿನಲ್ಲೆಲ್ಲ ಮೈಕಟ್ಟಿಗೆ ಹೆಸರಾಗಿದ್ದವನು ಯೂಜೆನ್ ಸ್ಯಾಂಡೋ. ಜರ್ಮನ್ ನಾಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಈತ 1904-05ರಲ್ಲಿ ಹಿಂದೂಸ್ತಾನಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ. ನಮ್ಮ ಜವಳಿ ಅಂಗಡಿಗಳಲ್ಲಿ ಇಂದಿಗೂ ತೋಳಿಲ್ಲದ ಬನಿಯನ್ನಿಗೆ ಸ್ಯಾಂಡೋ ಬನಿಯನ್ ಎನ್ನುತ್ತಾರಲ್ಲ, ಅದು ಇವನ ಹೆಸರೇ. ನಮ್ಮವರಲ್ಲಿ ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಸರ್ಕಸ್ ಕಟ್ಟಿಕೊಂಡು ಸರಪಳಿ ಹರಿಯುವುದು, ಎದೆಯ ಮೇಲೆ ಆನೆ ಹತ್ತಿಸಿಕೊಳ್ಳುವುದು ಮುಂತಾದ ಸಾಹಸಗಳಿಂದ ಹೆಸರಾಗಿದ್ದರು. ಬಲ ತೋರಿಸಿ ಬೆರಗುಗೊಳಿಸುವುದು ರಾಮಮೂರ್ತಿಯವರ ದಾರಿ. ಸ್ಯಾಂಡೋ ಅದಕ್ಕೆ ಇನ್ನೊಂದನ್ನು ಸೇರಿಸಿದ: ಯಾವ ಸಾಮಾನ್ಯ ಮನುಷ್ಯನಾದರೂ ದಿನಕ್ಕೆ ಸ್ವಲ್ಪ ಹೊತ್ತು ಕ್ರಮವಾಗಿ ಅಭ್ಯಾಸ ಮಾಡಿದರೆ ತನ್ನ ಮೈಯನ್ನು ತಾನೇ ತಿದ್ದಿಕೊಳ್ಳಬಹುದು, ಆ ಕ್ರಮವನ್ನು ಪುಸ್ತಕದಿಂದಲೂ ಅಂಚೆಯಿಂದಲೂ ಕಲಿಸಬಹುದು ಎಂಬುದನ್ನು. ಅಯ್ಯರ್ ಅವರು ಹಿಡಿದದ್ದು ಈ ಎರಡನೆಯ ಎಳೆಯನ್ನು. ಆನೆ ಹತ್ತಿಸಿಕೊಳ್ಳುವವನನ್ನು ನೋಡಿ ಚಪ್ಪಾಳೆ ತಟ್ಟಿ ಮನೆಗೆ ಬಂದು ಮಲಗುವುದರಿಂದ ನೋಡಿದವನ ಹೊಟ್ಟೆ ಕರಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

1922ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ಹರ್ಕ್ಯುಲಿಸ್ ಜಿಮ್ನಾಷಿಯಂ ತೆರೆದರು. ಹೆಸರು ಗ್ರೀಕರದು, ಸಲಕರಣೆ ಪಶ್ಚಿಮದ ಬಾರ್‌ಬೆಲ್ಸ್, ಡಂಬೆಲ್ಸ್. ಆದರೆ ಜತೆಗೆ ನಮ್ಮ ದಂಡೆ, ಬಸ್ಕಿ, ಆಸನ, ಪ್ರಾಣಾಯಾಮ, ಎಣ್ಣೆ ಹಚ್ಚಿ ಮೈ ನೀವುವುದು ಎಲ್ಲವೂ ಇದ್ದವು. ಗರಡಿಗೆ ಹೋಗಲು ಸಂಕೋಚಪಡುತ್ತಿದ್ದ ಮಧ್ಯಮ ವರ್ಗದವರು ಇಲ್ಲಿಗೆ ಬರಲು ಹಿಂಜರಿಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅಯ್ಯರ್ ಮಾಡಿದ ದೊಡ್ಡ ಕೆಲಸ ಇದೇ. ಅವರು ಹೊಸ ವ್ಯಾಯಾಮವೊಂದನ್ನು ಕಂಡುಹಿಡಿಯಲಿಲ್ಲ, ವ್ಯಾಯಾಮ ಮಾಡದವರ ಗುಂಪೊಂದಕ್ಕೆ ಬಾಗಿಲು ತೆರೆದರು. ನಾನು ಇಷ್ಟು ವರ್ಷ ಮಕ್ಕಳಿಗೆ ಪಿ.ಟಿ. ಮಾಡಿಸಿದವನು. ಚೆನ್ನಾಗಿ ಓಡುವ ಹುಡುಗನನ್ನು ಇನ್ನೂ ಚೆನ್ನಾಗಿ ಓಡಿಸುವುದು ಸುಲಭ. ಬೇವಿನ ಮರದ ನೆರಳಿನಲ್ಲಿ ಹೊಟ್ಟೆನೋವೆಂದು ಕೂರುವ ಹುಡುಗನನ್ನು ಬಿಸಿಲಿಗೆ ಕರೆತರುವುದಿದೆಯಲ್ಲ, ಅದಕ್ಕೆ ಬೇರೆಯದೇ ಸಾಮರ್ಥ್ಯ ಬೇಕು.

ತಮ್ಮ ಮೈಯ ಬಗ್ಗೆ ಅಯ್ಯರ್ ಅವರಿಗೆ ಇದ್ದ ಹೆಮ್ಮೆ ಸಣ್ಣದಲ್ಲ. 1930ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ 'ಮಸಲ್ ಕಲ್ಟ್' ಪುಸ್ತಕದಲ್ಲಿ ಈ ಹೆಮ್ಮೆ ಬಚ್ಚಿಟ್ಟುಕೊಂಡು ಕೂತಿಲ್ಲ. ತಮ್ಮ ಮೈಕಟ್ಟನ್ನು ದೇವತೆಗಳ ಮಟ್ಟಕ್ಕೆ ಏರಿಸಿ ಮಾತಾಡುವ ಧೈರ್ಯ ಅವರಿಗಿತ್ತು. ಹಳೆಯ ಗ್ರೀಕ್ ಪ್ರತಿಮೆಗಳ ಭಂಗಿಯಲ್ಲಿ ತೆಗೆಸಿಕೊಂಡ ಅವರ ಭಾವಚಿತ್ರಗಳು ಇಂಗ್ಲೆಂಡಿನ 'ಹೆಲ್ತ್ ಅಂಡ್ ಸ್ಟ್ರೆಂಗ್ತ್'ನಂಥ ಪತ್ರಿಕೆಗಳಲ್ಲಿ ಅಚ್ಚಾದವು. ಅಂಥ ಒಂದು ಚಿತ್ರವನ್ನು ನಮ್ಮ ಪಿ.ಟಿ. ಕೊಠಡಿಯ ಗೋಡೆಗೆ ಅಂಟಿಸಿದರೆ ಪೋಷಕರ ಸಭೆಯಲ್ಲಿ ಏನಾಗುತ್ತಿತ್ತೆಂದು ಊಹಿಸಿಕೊಳ್ಳಬಹುದು. ವಿನಯವೇ ಭೂಷಣ ಎಂದು ಬೆಳೆದ ನಮಗೆ ಇದು ಕೊಂಚ ಇರುಸುಮುರುಸಾದರೂ ಕಾಲವನ್ನು ನೆನೆಯಬೇಕು. ನಮ್ಮ ಜನ ನಿತ್ರಾಣಿಗಳು, ಆಳಿಸಿಕೊಳ್ಳಲು ಹುಟ್ಟಿದವರು ಎಂದು ಬಿಳಿಯರು ಬಹಿರಂಗವಾಗಿ ಬರೆಯುತ್ತಿದ್ದ ಕಾಲ ಅದು. ಅವರದೇ ದೇಶದ ಪತ್ರಿಕೆಯಲ್ಲಿ ಬೆಂಗಳೂರಿನ ಒಬ್ಬ ಅಯ್ಯರ್ ಎದೆಯುಬ್ಬಿಸಿ ನಿಂತದ್ದು ಬರೀ ಜಂಬವಲ್ಲ, ಒಂದು ಉತ್ತರವೂ ಆಗಿತ್ತು. ಜಂಬವೂ ಇತ್ತೆನ್ನಿ.

ಬಾರ್‌ಬೆಲ್ಸ್ ಒಂದರಿಂದಲೇ ಆರೋಗ್ಯ ಬರುವುದಿಲ್ಲ ಎಂಬ ವಿಷಯದಲ್ಲಿ ಮಾತ್ರ ಅವರು ಖಚಿತವಾಗಿದ್ದರು. ತೋಳು ದಪ್ಪವಾಗಿ, ಹೊಟ್ಟೆಯೊಳಗಿನ ಅಂಗಗಳು ಜಡವಾಗಿದ್ದರೆ ಅಂಥ ದೇಹವನ್ನು ಅವರು ಪೂರ್ಣವೆಂದು ಒಪ್ಪುತ್ತಿರಲಿಲ್ಲ. ತೂಕ ಎತ್ತುವುದು ಹೊರಗಿನ ಸ್ನಾಯುಗಳಿಗೆ, ಆಸನಗಳು ಒಳಗಿನ ಅಂಗಗಳಿಗೆ ಮತ್ತು ನರಗಳಿಗೆ ಎಂದು ಎರಡನ್ನೂ ಒಂದೇ ಕ್ರಮದಲ್ಲಿ ಹೊಂದಿಸಿದರು. ಬೆಂಗಳೂರಿನವರೇ ಆದ ಯೋಗಾಚಾರ್ಯ ಸುಂದರಂ ಅವರ ಜತೆಗಾರರು. ಇಬ್ಬರೂ ಕೂಡಿ ಊರೂರಿಗೆ ಹೋಗಿ ಉಪನ್ಯಾಸ, ಪ್ರಾತ್ಯಕ್ಷಿಕೆ ನಡೆಸಿಕೊಟ್ಟರು. ಸುಂದರಂ ಆಸನಗಳ ಬಗ್ಗೆ ಸಾಮಾನ್ಯರಿಗೆ ತಿಳಿಯುವಂತೆ ಪುಸ್ತಕ ಬರೆದರು. ಯೋಗ ಎಂದರೆ ಕಾವಿಯುಟ್ಟವರ ಗುಹೆಯ ಸಾಧನೆ ಎಂದು ಗೃಹಸ್ಥರು ದೂರದಿಂದ ಕೈಮುಗಿಯುತ್ತಿದ್ದ ದಿನಗಳಲ್ಲಿ ಇವರು ಅದನ್ನು ಬೆಳಗಿನ ಕಾಫಿಗೆ ಮುಂಚಿನ ಕೆಲಸವನ್ನಾಗಿ ಮಾಡಲು ಹೊರಟರು.

ಇದೇ ಸುಮಾರಿನಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ಇಂದು ಜಗತ್ತಿಗೆಲ್ಲ ಗೊತ್ತಿರುವ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಆ ಗುರುವಿನ ಗರಡಿಯಲ್ಲಿ ಪಳಗಿದವರು. ಅದೇ ಅರಮನೆಯಲ್ಲಿ ಅಯ್ಯರ್ ಅವರ ಶಿಷ್ಯ ಅನಂತರಾವ್ ಹಲವು ವರ್ಷ ವ್ಯಾಯಾಮ ಕಲಿಸಿದರು. ಒಂದು ಕಡೆ ಆಸನ, ಪಕ್ಕದಲ್ಲೇ ಬಾರ್‌ಬೆಲ್ಸ್. ಎರಡಕ್ಕೂ ಆಸರೆಯಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಒಬ್ಬರದು ಶುದ್ಧ, ಇನ್ನೊಬ್ಬರದು ಬೆರಕೆ ಎಂದು ವಾದಿಸುವವರು ಇದ್ದಾರೆ, ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ಮಕ್ಕಳ ಬೆನ್ನು ನೆಟ್ಟಗಾಗುತ್ತದೆಯೇ ಎಂಬುದನ್ನಷ್ಟೇ ನಾನು ನೋಡುವುದು.

ಅಯ್ಯರ್ ಅವರ ಪುಸ್ತಕಗಳಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು 1937ರ 'ಸೂರ್ಯ ನಮಸ್ಕಾರ'. ಇದರ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. ಸೂರ್ಯ ನಮಸ್ಕಾರವನ್ನು ವ್ಯಾಯಾಮವಾಗಿ ದೇಶಕ್ಕೆಲ್ಲ ಹರಡಿದವರು ಸಾತಾರಾ ಸೀಮೆಯ ಔಂಧ್ ಸಂಸ್ಥಾನದ ದೊರೆ ಭವಾನರಾವ್ ಪಂತ ಪ್ರತಿನಿಧಿ. ತಾವೂ ದಿನಾ ಮಾಡಿ, ತಮ್ಮ ಸಂಸ್ಥಾನದ ಶಾಲೆಗಳಲ್ಲೂ ಅದನ್ನು ಕಡ್ಡಾಯ ಮಾಡಿದ ರಾಜ ಆತ. ಬಿಜಾಪುರ ಸೀಮೆಯ ಗುಣದಾಳ ಆ ಸಂಸ್ಥಾನಕ್ಕೆ ಸೇರಿತ್ತು ಎಂಬುದನ್ನು ಉತ್ತರ ಕರ್ನಾಟಕದ ನಮ್ಮ ಓದುಗರು ಗಮನಿಸಬಹುದು. ಅಯ್ಯರ್ ಅದನ್ನು ತಮ್ಮ ರೀತಿಯಲ್ಲಿ ತಿದ್ದಿ, ಉಸಿರಾಟದ ಕ್ರಮ ಹೇಳಿ, ಚಿತ್ರಗಳ ಸಮೇತ ಪುಸ್ತಕ ಮಾಡಿದರು.

ಈ ವ್ಯಾಯಾಮದ ಸೊಗಸು ಅದರ ಬಡತನದಲ್ಲಿದೆ. ಒಂದು ಚಾಪೆ ಹಾಸುವಷ್ಟು ಜಾಗ ಸಾಕು. ಕೈಜೋಡಿಸಿ ನಿಲ್ಲುವುದು, ತೋಳನ್ನು ಮೇಲೆತ್ತಿ ಹಿಂದಕ್ಕೆ ಬಾಗುವುದು, ಮುಂದೆ ಬಗ್ಗಿ ನೆಲ ಮುಟ್ಟುವುದು, ಒಂದು ಕಾಲು ಹಿಂದಕ್ಕೆ, ಮತ್ತೊಂದು ಕಾಲು ಹಿಂದಕ್ಕೆ, ಮೈಯನ್ನು ನೆಲಕ್ಕೆ ತಾಗಿಸಿ ಎದೆ ಎತ್ತುವುದು, ಸೊಂಟ ಮೇಲೆತ್ತುವುದು, ಮತ್ತೆ ಬಂದ ದಾರಿಯಲ್ಲೇ ಎದ್ದು ನಿಲ್ಲುವುದು. ಬೆನ್ನೆಲುಬು ಹಿಂದಕ್ಕೂ ಮುಂದಕ್ಕೂ ಬಾಗುತ್ತದೆ, ತೋಳು ಮೈಭಾರ ಹೊರುತ್ತದೆ, ತೊಡೆಯ ಹಿಂಬದಿ ಎಳೆಯುತ್ತದೆ, ಹನ್ನೆರಡು ಸುತ್ತು ಮುಗಿಯುವಷ್ಟರಲ್ಲಿ ಎದೆಬಡಿತ ಏರಿ ಹಣೆಯಲ್ಲಿ ಬೆವರು. ದಂಡೆಯ ಬಲ, ಆಸನದ ಬಾಗು, ಓಟದ ಉಸಿರು ಮೂರೂ ಒಂದರಲ್ಲೇ ಸಿಗುವಂಥದು ನನಗೆ ತಿಳಿದಂತೆ ಮತ್ತೊಂದಿಲ್ಲ. ನಮ್ಮ ಶಾಲೆಯಲ್ಲಿ ಶನಿವಾರದ ಬೆಳಗಿನ ಪ್ರಾರ್ಥನೆಯ ನಂತರ ನಾನು ಮಾಡಿಸುತ್ತಿದ್ದದ್ದು ಇದನ್ನೇ, ಆಗ ಬೈದುಕೊಂಡವರು ಈಗ ಈ ಸಂಚಿಕೆ ಓದುತ್ತಿರಬಹುದು. ವಯಸ್ಸಾದವರಿಗೆ ಒಂದು ಮಾತು: ಮಂಡಿನೋವು, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿ, ಬಗ್ಗುವಷ್ಟೇ ಬಗ್ಗಿ, ಎರಡು ಸುತ್ತಿನಿಂದ ಆರಂಭಿಸಬೇಕು. ಮೊಮ್ಮಗನೊಡನೆ ಪಂತ ಕಟ್ಟಬಾರದು.

ಅಯ್ಯರ್ ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ಹತ್ತಿರದಲ್ಲಿ ಗುರುವಿಲ್ಲದ ಯಾವುದೋ ತಾಲ್ಲೂಕು ಕೇಂದ್ರದ ತರುಣನಿಗೂ ಬೆಂಗಳೂರಿನ ಪಾಠ ತಲುಪುವ ಏರ್ಪಾಡು ಅದು. ಇಂದು ಮೊಬೈಲಿನಲ್ಲಿ ನಿಮಿಷಕ್ಕೊಬ್ಬ ಗುರು ಸಿಗುತ್ತಾನೆ. ನೋಡುತ್ತಾ ಮಲಗಿರುತ್ತೇವೆ. ಅಂಚೆಯವನು ತಂದ ಪಾಠವನ್ನು ಗೋಡೆಗೆ ಅಂಟಿಸಿಕೊಂಡು ಮುಂದಿನ ಲಕೋಟೆ ಬರುವವರೆಗೆ ಅದನ್ನೇ ಮಾಡಬೇಕಾಗಿದ್ದ ಶಿಷ್ಯನಿಗೆ ಬೇರೆ ದಾರಿ ಇರಲಿಲ್ಲ. ಆ ದಾರಿಯಿಲ್ಲದಿರುವಿಕೆಯೇ ಅವನಿಗೆ ಉಪಕಾರ ಮಾಡಿರಬೇಕು.

ವ್ಯಾಯಾಮವನ್ನು ಅವರು ಪ್ರಾಯದ ಹುಡುಗರಿಗಷ್ಟೇ ಮೀಸಲಿಡಲಿಲ್ಲ. ಅಜೀರ್ಣ, ಮಲಬದ್ಧತೆ, ಬೊಜ್ಜು, ಕೈಕಾಲು ಸ್ವಾಧೀನ ತಪ್ಪುವುದು ಇಂಥವುಗಳಿಗೂ ಕ್ರಮವರಿತ ಚಲನೆ ಮತ್ತು ಅಂಗಮರ್ದನದಿಂದ ಪರಿಹಾರ ಹುಡುಕಿದರು. ಫಿಸಿಯೋಥೆರಪಿ ಎಂಬ ಪದ ನಮ್ಮ ಜಿಲ್ಲಾಸ್ಪತ್ರೆಯ ಬೋರ್ಡಿಗೆ ಏರುವುದಕ್ಕೆ ಎಷ್ಟೋ ಮುಂಚಿನ ಮಾತು. ನಾಲ್ವಡಿಯವರಿಗೆ ಪಾರ್ಶ್ವವಾಯು ಬಡಿದಾಗ ಅಯ್ಯರ್ ಅವರಿಗೆ ಕರೆ ಹೋಯಿತು. ಚೇತರಿಸಿಕೊಂಡ ಮಹಾರಾಜರು ಈ ವ್ಯಾಯಾಮದ ಮೇಷ್ಟ್ರನ್ನು ಮರೆಯಲಿಲ್ಲ. ಅವರ ನೆರವಿನಿಂದ 1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಶಾಲವಾದ ವ್ಯಾಯಾಮಶಾಲೆಯ ಕಟ್ಟಡ ಎದ್ದಿತು. ಅದೇ ವರ್ಷ ಆಗಸ್ಟಿನಲ್ಲಿ ಮಹಾರಾಜರು ತೀರಿಕೊಂಡರು. ಒಬ್ಬ ಅರಸ ಕಾಯಿಲೆಯಿಂದ ಎದ್ದು ಕಟ್ಟಿಸಲು ನೆರವಾದದ್ದು ಗುಡಿಯನ್ನಲ್ಲ, ವ್ಯಾಯಾಮಶಾಲೆಯನ್ನು ಎಂಬುದು ನನಗೆ ತುಂಬಾ ಹಿಡಿಸಿದ ಸಂಗತಿ.

ಆ ವ್ಯಾಯಾಮಶಾಲೆ ನಮ್ಮ ಊರಿನ ಅರಳಿಕಟ್ಟೆಯ ಹಾಗಿತ್ತು ಎನ್ನಬೇಕು. ಮೈ ಬೆವರಿಸಲು ಬಂದವರು ಮಾತಿಗೆ ಕೂರುತ್ತಿದ್ದರು, ಮಾತಿಗೆ ಬಂದವರು ನಾಟಕಕ್ಕೆ ನಿಲ್ಲುತ್ತಿದ್ದರು. ಕನ್ನಡದ ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತ ಗೆಳೆಯ, ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು. ಇವರು ಆಹಾರ ನಿದ್ರೆಗಳಲ್ಲಿ ಶಿಸ್ತಿನ ಮನುಷ್ಯ, ಅವರು ಯಾವ ಶಿಸ್ತಿಗೂ ಸಿಗದ ಮನುಷ್ಯ. ಇಂಥವರಿಬ್ಬರ ನಡುವೆ ಸ್ನೇಹ ಹೇಗೆ ಗಟ್ಟಿಯಾಯಿತೋ! ಕೈಲಾಸಂ 1946ರಲ್ಲಿ ಹೋದರು. ಅಯ್ಯರ್ ಕಟ್ಟಿದ ರವಿ ಕಲಾವಿದರು ಎಂಬ ಹವ್ಯಾಸಿ ತಂಡ ಕೈಲಾಸಂ ನಾಟಕಗಳನ್ನು ರಂಗಕ್ಕೆ ತಂದಿತು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗರು 'ಟೊಳ್ಳುಗಟ್ಟಿ' ಆಡಿದ್ದು ಕೆಲವರಿಗೆ ನೆನಪಿರಬೇಕು. ಮಾರ್ಕ್ಸು ತೆಗೆಯುವ ಮಗನನ್ನು ಹೊಗಳಿ, ಮನೆಗೆ ಆಸರೆಯಾಗುವ ಮಗನನ್ನು ಹಳಿಯುವ ತಂದೆಯ ಕಥೆ ಅದು. ಅದರ ಲೇಖಕರು ವ್ಯಾಯಾಮಶಾಲೆಯಲ್ಲಿ ಕೂತು ಹರಟುತ್ತಿದ್ದದ್ದು ಕಾಕತಾಳೀಯವಲ್ಲ ಎಂದೇ ನನಗೆ ಅನ್ನಿಸುವುದು.

ಅಯ್ಯರ್ ಅವರ ಕಾದಂಬರಿಗಳು ಬಂದದ್ದೂ ಈ ಒಡನಾಟದ ಹಿನ್ನೆಲೆಯಲ್ಲಿ. ಹೊಯ್ಸಳರ ರಾಣಿಯ ಕಥೆ 'ಶಾಂತಲಾ', ಇಟಲಿಯ ಕಲಾವಿದನೊಬ್ಬನ ಸುತ್ತ ಹೆಣೆದ 'ರೂಪದರ್ಶಿ'. ಎರಡರಲ್ಲೂ ಶಿಲೆ, ಬಣ್ಣ, ನೃತ್ಯ, ಮನುಷ್ಯನ ಆಕೃತಿ ಇವುಗಳ ಬಗ್ಗೆ ಇರುವ ಪ್ರೀತಿಯನ್ನು ನೋಡಿದರೆ, ಮೈಯ ರೇಖೆಗಳನ್ನು ದಿನಾ ಗಮನಿಸುತ್ತಿದ್ದ ಕಣ್ಣು ಬರೆದ ಪುಸ್ತಕಗಳಿವು ಎಂಬುದು ತಿಳಿಯುತ್ತದೆ. ಸಾಹಿತ್ಯದ ಮಾತು ನನ್ನ ವಿಷಯವಲ್ಲ, ಇಲ್ಲಿಗೆ ಬಿಡುತ್ತೇನೆ.

ಅವರನ್ನು ಹೊಗಳುತ್ತಾ ಹೋಗಬೇಕಾದ ಅಗತ್ಯವೇನೂ ಇಲ್ಲ. ಕೊರತೆಗಳು ಕಣ್ಣಿಗೆ ಬೀಳುತ್ತವೆ. ಅವರ ವ್ಯಾಯಾಮದ ಪುಸ್ತಕಗಳಲ್ಲಿ ಮುಖ್ಯವಾದವು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಅಷ್ಟು ಸೊಗಸಾಗಿ ಬರೆಯಬಲ್ಲವರು ಸೂರ್ಯ ನಮಸ್ಕಾರವನ್ನು ಹಳ್ಳಿಯವನಿಗೆ ಅವನ ಭಾಷೆಯಲ್ಲೇ ಮೊದಲು ಹೇಳಬಹುದಿತ್ತು. ಅವರ ಲೋಕ ಪಟ್ಟಣದ ಲೋಕ. ಹಳ್ಳಿಗಳಿಗೆ ವ್ಯಾಯಾಮವನ್ನು ಹೊತ್ತು ತಂದವರು ಬೇರೆ: ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ. ತಿರುಕ ಎಂಬ ಹೆಸರಿನಲ್ಲಿ ಬರೆದ, ಜೋಳಿಗೆ ಹಿಡಿದು ಊರೂರಿನಲ್ಲಿ ಯೋಗ ವ್ಯಾಯಾಮದ ಶಿಬಿರ ನಡೆಸಿದ ಅವರನ್ನು ಕಂಡವರು ನಮ್ಮ ಹಿರಿಯರಲ್ಲಿ ಇನ್ನೂ ಇದ್ದಾರೆ. ಶಾಲೆಗಳಿಗೆ ಪಿ.ಟಿ. ಬಂದದ್ದು ಮತ್ತೊಂದು ದಾರಿಯಿಂದ. 1920ರಲ್ಲಿ ಮದರಾಸಿನಲ್ಲಿ ಅಮೆರಿಕದ ಹ್ಯಾರಿ ಬಕ್ ಅವರು ವೈ.ಎಂ.ಸಿ.ಎ. ಆಶ್ರಯದಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದರು. ದಕ್ಷಿಣದ ಹಳೆಯ ತಲೆಮಾರಿನ ಎಷ್ಟೋ ಪಿ.ಟಿ. ಮೇಷ್ಟರುಗಳ ವಿದ್ಯೆ ಅಲ್ಲಿಂದ ಬಂದದ್ದು. ಇನ್ನು ಹೆಣ್ಣುಮಕ್ಕಳ ಮಾತು. ಗರಡಿಯಲ್ಲಂತೂ ಅವರಿಗೆ ಪ್ರವೇಶವೇ ಇರಲಿಲ್ಲ. ಅಯ್ಯರ್ ಮಧ್ಯಮ ವರ್ಗದ ಗಂಡಸರಿಗೆ ತೆರೆದ ಬಾಗಿಲಿನಂಥದೇ ಇನ್ನೊಂದನ್ನು ಅವರಿಗೆ ಯಾರೂ ಅಷ್ಟು ಅಗಲವಾಗಿ ತೆರೆಯಲಿಲ್ಲ. ನಮ್ಮಲ್ಲಿ ಎಂಟನೆಯ ತರಗತಿಯಲ್ಲಿ ಖೋ ಖೋದಲ್ಲಿ ಗಾಳಿಯಂತೆ ಓಡುತ್ತಿದ್ದ ಹುಡುಗಿಯರು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ನಿಂತು ನೋಡುವವರಾಗುತ್ತಿದ್ದರು. ಮನೆಯವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದ್ದುಂಟು.

ಅಯ್ಯರ್ ಅವರು ಕೊನೆಯವರೆಗೂ ವ್ಯಾಯಾಮದ ಮೇಷ್ಟ್ರೇ ಆಗಿದ್ದು 1980ರಲ್ಲಿ ತೀರಿಕೊಂಡರು. ಎಂಬತ್ತೆರಡು ದಾಟಿದ್ದರು. ಅವರು ಹುಟ್ಟಿದ ಕಾಲಕ್ಕೆ ಈ ದೇಶದಲ್ಲಿ ಅದರ ಅರ್ಧದಷ್ಟು ವಯಸ್ಸನ್ನು ಕಾಣುವುದೇ ದೊಡ್ಡದಾಗಿತ್ತು.

ಇವರ ಬದುಕನ್ನು ಈ ಸಂಚಿಕೆಯಲ್ಲೇ ಏಕೆ ಹೇಳಿದೆ ಎಂದರೆ, ಅಯ್ಯರ್ ನೋಡಿದ ಗುಮಾಸ್ತನ ಕಾಯಿಲೆ ಈಗ ನಮ್ಮ ಊರಿಗೆ ಬಂದಿದೆ. ನಾನು ಇಲ್ಲಿಗೆ ವರ್ಗವಾಗಿ ಬಂದಾಗ ರೈತರಿಗೆ ವ್ಯಾಯಾಮ ಮಾಡಿ ಎಂದರೆ ನಗುತ್ತಿದ್ದರು, ಆ ನಗುವಿನಲ್ಲಿ ನ್ಯಾಯವಿತ್ತು. ನೇಗಿಲು ಹಿಡಿದು ನಾಲ್ಕು ಎಕರೆ ಉತ್ತವನಿಗೆ ದಂಡೆ ಯಾಕೆ? ಈಗ ಟ್ರ್ಯಾಕ್ಟರು ಉಳುತ್ತದೆ, ಯಂತ್ರ ಕೊಯ್ಯುತ್ತದೆ, ಪಂಪು ನೀರೆತ್ತುತ್ತದೆ, ಹಾಲಿನ ಡೈರಿಗೆ ನೂರು ಗಜ ಹೋಗಲೂ ಬೈಕು ಬೇಕು. ರಾಗಿಮುದ್ದೆಯ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿ ಬಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ಬಿ.ಪಿ. ಮಾತ್ರೆಗಳ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಿಂತಿರುತ್ತಾರೆ, ಮೇಷ್ಟ್ರೇ ಎಂದು ಎದ್ದು ಕೂರಲು ಜಾಗ ಬಿಡುತ್ತಾರೆ. ಜಾಗ ಬಿಡಬೇಕಾದವನು ನಾನಾಗಿದ್ದೇನೋ ಎಂದು ಸಂಕಟವಾಗುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಂಡು ಸುಡುತ್ತದೆ. ಸುಮ್ಮನಿರುವ ಸ್ನಾಯು ಅದನ್ನು ಅಲ್ಲೇ ಬಿಡುತ್ತದೆ. ದೊಡ್ಡವರಿಗೆ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೇಳಾಪಟ್ಟಿಯಲ್ಲಿ ಪಿ.ಟಿ. ಎಂದು ಬರೆದ ಪೀರಿಯಡ್ಡಿನಲ್ಲಿ ಗಣಿತದ ಬಾಕಿ ಅಧ್ಯಾಯ ಮುಗಿಸುವ ಪದ್ಧತಿ ಎಷ್ಟು ಶಾಲೆಗಳಲ್ಲಿದೆ ಎಂದು ಶಿಕ್ಷಕ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ.

ಮಹೋತ್ಸವದ ನೆನಪಿಗೆ ಮೈದಾನದ ಪೂರ್ವದ ಬದಿಯಲ್ಲಿ ಸಭಾಂಗಣ ಕಟ್ಟುವ ಆಲೋಚನೆ ದಾನಿಗಳಲ್ಲಿದೆ. ಸಭಾಂಗಣ ಬೇಕು, ಮಳೆಗಾಲದಲ್ಲಿ ಮಕ್ಕಳಿಗೆ ಕೂರಲು ಸೂರಿಲ್ಲ. ಆದರೆ ಪೂರ್ವದ ಬದಿಯೇ ಆದರೆ ಓಟದ ದಾರಿ ಎರಡು ತುಂಡಾಗುತ್ತದೆ. ಹಳೆಯ ಅಡುಗೆ ಕೋಣೆಯ ಹಿಂದಿನ ಜಾಗ ಖಾಲಿಯೇ ಇದೆ, ಅಲ್ಲಿ ಕಟ್ಟಿದರೆ ಮೈದಾನದ ಒಂದು ಅಡಿಯೂ ಹೋಗುವುದಿಲ್ಲ. ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ಅಳೆದು ನೋಡೋಣ ಎಂದಿದ್ದಾರೆ, ನಾನು ಟೇಪು ಹಿಡಿದು ಬರುತ್ತೇನೆ.

ಈಗ ಮುಖ್ಯೋಪಾಧ್ಯಾಯರ ಅನುಮತಿಯಿಂದ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಮೈದಾನದ ಗೇಟು ಊರಿನವರಿಗೆ ತೆರೆದಿರುತ್ತದೆ. ಕೀಲಿ ನನ್ನ ಹತ್ತಿರ ಇದೆ. ಹನ್ನೊಂದು ಜನ ಬರುತ್ತಿದ್ದಾರೆ, ಅವರಲ್ಲಿ ಮೂವರು ಹೆಂಗಸರು. ನಡೆಯುವವರು ನಡೆಯುತ್ತಾರೆ, ಬಾಗುವವರಿಗೆ ನಾನು ಸೂರ್ಯ ನಮಸ್ಕಾರ ಹೇಳಿಕೊಡುತ್ತೇನೆ. ಸಂಜೆ ಐದರಿಂದ ಆರರವರೆಗೆ ಹೆಣ್ಣುಮಕ್ಕಳಿಗೇ ಮೈದಾನ ಬಿಡಬೇಕೆಂದು ಒಂಬತ್ತನೆಯ ತರಗತಿಯ ಹುಡುಗಿಯರು ಅರ್ಜಿ ಬರೆದು ಕೊಟ್ಟಿದ್ದಾರೆ, ಅದೂ ಸಭೆಯ ಮುಂದಿದೆ. ಜೋತುಬೀಳುವ ಕಂಬಿ ತುಕ್ಕು ಹಿಡಿದು ಮುರಿದಿದೆ, ಹೊಸ ಪೈಪನ್ನು ಒಬ್ಬ ಹಳೆಯ ವಿದ್ಯಾರ್ಥಿ ಕೊಡುತ್ತೇನೆಂದಿದ್ದಾನೆ. ಉದ್ದಜಿಗಿತದ ಗುಂಡಿಗೆ ಎರಡು ಗಾಡಿ ಮರಳು ಬೇಕು, ಮಳೆ ಹಿಡಿಯುವ ಮುಂಚೆ ಬಂದರೆ ಅನುಕೂಲ.